ಮುಂದಿನ ಸಾಲಿನ ಐವರು

ಚೆಂಡನ್ನು ಅವನು ಒದೆಯುತ್ತಿರಲಿಲ್ಲ, ಕಳಿಸುತ್ತಿದ್ದ. ಎದುರಾಳಿಗಳ ಕಾಲುಗಳ ಸಂದಿಯಿಂದ ಹೊರಟ ಚೆಂಡು, ಮೈದಾನದ ಆ ತುದಿಯಲ್ಲಿ ಓಡುತ್ತಿದ್ದವನ ಹೆಬ್ಬೆರಳಿನ ಮುಂದೆ ಒಂದು ಗೇಣು ದೂರದಲ್ಲಿ ಹೋಗಿ ನಿಧಾನವಾಗುತ್ತಿತ್ತು. ಅಲ್ಲಿಂದ ಮುಂದಿನದು ಆ ಓಡುತ್ತಿದ್ದವನಿಗೆ ಬಿಟ್ಟದ್ದು. ನನ್ನ ಚಿಂತೆಯೆಲ್ಲ ಆ ಮುಂದಿನದರ ಬಗ್ಗೆ.

ಚಿಂತೆಯ ವಿಷಯದಲ್ಲಿ ನಾನು ಹೊಸಬನಲ್ಲ. ಊರಿನಲ್ಲಿ ಯಾರ ಮನೆಯ ಮದುವೆಯಾದರೂ ಸಾರು ಸಾಲುತ್ತದೋ ಇಲ್ಲವೋ ಎಂದು ಯೋಚಿಸಿದವನು, ನನ್ನನ್ನು ಕರೆಯದ ಮದುವೆಗಳೂ ಸೇರಿ. ಆಕಾಶದಲ್ಲಿ ಮೋಡವಿದ್ದರೆ ಮಳೆ ಬಂದೀತೆಂದು, ಇಲ್ಲದಿದ್ದರೆ ಬಾರದೆಂದು ಯೋಚಿಸಿದವನು. ಈಗ ವಯಸ್ಸು ನಡುವಿನ ಗಡಿ ದಾಟುತ್ತಿದೆ. ಚಿಂತೆ ಮಾಡಿ ಮಾಡಿ, ಅದರ ಜಾಗದಲ್ಲಿ ಒಂದು ಬಗೆಯ ಜೋಮು ಬಂದು ಕೂತಿದೆ. ಕಾಲು ಮಡಿಸಿಕೊಂಡು ಬಹಳ ಹೊತ್ತು ಕೂತರೆ ಹಿಡಿಯುತ್ತದಲ್ಲ, ಅಂಥದ್ದು. ಅದು ಮೊದಲ ಸಲ ಹಿಡಿದದ್ದು ನಾನು ಹೇಳಹೊರಟಿರುವ ಆಟದ ದಿನ.

ಆಗ ರಾಮನಗರ ಇನ್ನೂ ಕ್ಲೋಸ್‌ಪೇಟೆ. ಮಹಾರಾಜರ ಆಳ್ವಿಕೆ. ನಾನು ಅಲ್ಲಿಯ ಮಿಡ್ಲ್ ಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ಕಾಲ್ಚೆಂಡು ಆಡಿದವನಲ್ಲ. ಹುಡುಗನಾಗಿದ್ದಾಗ ಒಮ್ಮೆ ಒದ್ದಿದ್ದೆ; ಚೆಂಡು ಅಲ್ಲೇ ಉಳಿದು ನನ್ನ ಹೆಬ್ಬೆರಳಿನ ಉಗುರು ಹೋಗಿತ್ತು. ಆದರೂ ತಾಲ್ಲೂಕಿನ ಅಮಲ್ದಾರರು ನನ್ನನ್ನೇ ಕರೆಸಿ, "ನೀವು ಹೇಗಿದ್ದರೂ ಚಿಂತೆ ಮಾಡೋರು, ಟೀಮಿನ ಕಾರ್ಯದರ್ಶಿ ಆಗಿ ಮಾಡಿ" ಎಂದರು. ಬೆಂಗಳೂರಿನ ಒಂದು ಬಟ್ಟೆ ಗಿರಣಿಯ ಟೀಮು ನಮ್ಮಲ್ಲಿಗೆ ಬಂದು ಒಂದು ಆಟ ಆಡಲು ಒಪ್ಪಿತ್ತು. ನಮ್ಮ ಕಡೆಯಿಂದ ಕ್ಲೋಸ್‌ಪೇಟೆ, ಚನ್ನಪಟ್ಟಣ, ಮಾಗಡಿ, ಕಾನಕಾನಹಳ್ಳಿ ಈ ನಾಲ್ಕು ಸೀಮೆಯವರೂ ಸೇರಿ ಒಂದು ಟೀಮು. ಕಾನಕಾನಹಳ್ಳಿ ಎಂದರೆ ಈಗ ಎಲ್ಲರೂ ಕನಕಪುರ ಅನ್ನುವ ಊರು.

ಚೆಂಡು ಕಳಿಸುವವನು ಚನ್ನಪಟ್ಟಣದವನು, ಗೊಂಬೆ ಕಡೆಯುವ ಸಾಬರ ಮನೆಯ ಮೂರನೆಯ ಮಗ. ನೆಲದ ಮೇಲೆ ಕೂತು, ಒಂದು ಕೈಯಲ್ಲಿ ಬಿಲ್ಲು ಎಳೆದು ಮರದ ತುಂಡನ್ನು ತಿರುಗಿಸುತ್ತ, ಇನ್ನೊಂದು ಕೈಯ ಉಳಿಯನ್ನು ಕಾಲ್ಬೆರಳಿನಿಂದ ಒತ್ತಿ ಹಿಡಿಯುವುದು ಅವರ ಕೆಲಸದ ರೀತಿ. ಹಾಗಾಗಿ ಕೈಗೆ ಬಂದಷ್ಟೇ ಕಸುಬು ಅವನ ಕಾಲಿಗೂ ಬಂದಿತ್ತು. ಅದು ಅವನಿಗೆ ಚೆನ್ನಾಗಿಯೇ ಗೊತ್ತಿತ್ತು. ಕೂದಲಿಗೆ ಎಣ್ಣೆ ಸುರಿದು, ನೆಟ್ಟಗೆ ಬೈತಲೆ ತೆಗೆದು, ರೈಲಿನಿಂದ ಇಳಿದು ಮೈದಾನಕ್ಕೆ ಬರುವಾಗ ಮದುಮಗನ ಹಾಗೆ ಬರುತ್ತಿದ್ದ. "ಈ ಕಾಲು ಮೈಸೂರು ಅರಮನೇಲಿ ಗಾಜಿನ ಪೆಟ್ಟಿಗೇಲಿ ಇರಬೇಕಾದ್ದು ಮೇಷ್ಟ್ರೇ. ನಿಮ್ಮ ಪುಣ್ಯ, ಇಲ್ಲಿ ಮಣ್ಣಲ್ಲೈತೆ" ಅನ್ನುತ್ತಿದ್ದ.

ಆ ಆಟದಲ್ಲಿ ಅವನದೊಂದು ಬದುಕಿನ ಪ್ರಶ್ನೆ ಇತ್ತು. ಅವರ ಮನೆಯಲ್ಲಿ ಕೂತು ಕಡೆಯುವ ಜಾಗ ಎರಡೇ. ಅಣ್ಣಂದಿರು ಇಬ್ಬರೂ ಕೂತರೆ ಇವನಿಗೆ ಮರ ಸೀಳುವ, ಅರಗು ಕಾಯಿಸುವ ಕೆಲಸ. ಅವರು ಎದ್ದರೆ ಇವನಿಗೆ ಕೂರುವ ಪಾಳಿ. ಅವರೋ ಏಳುವ ಪೈಕಿಯಲ್ಲ. ಗಿರಣಿ ಟೀಮಿನ ಮೇಸ್ತ್ರಿ ಯಾವುದೋ ಆಟದಲ್ಲಿ ಇವನನ್ನು ನೋಡಿದ್ದನಂತೆ. ಆಟದ ದಿನ ಇನ್ನೊಂದು ಸಲ ನೋಡುತ್ತೇನೆ, ಸರಿ ಕಂಡರೆ ಅವತ್ತು ಸಂಜೆಯ ರೈಲಿಗೇ ಕರೆದುಕೊಂಡು ಹೋಗುತ್ತೇನೆ, ಗಿರಣಿಯಲ್ಲಿ ಕೆಲಸ, ಟೀಮಿನಲ್ಲಿ ಆಟ ಎಂದು ಹೇಳಿ ಕಳಿಸಿದ್ದ.

"ನಾನೇನೋ ಸರಿ ಕಾಣ್ತೀನಿ ಮೇಷ್ಟ್ರೇ. ನನ್ನ ಮುಂದೆ ಯಾರು ನಿಲ್ತಾರೆ ಅದನ್ನ ಹೇಳಿ" ಎಂದು ಕೇಳಿದ.



ಆಗಿನ ಆಟದಲ್ಲಿ ಮುಂದಿನ ಸಾಲಿನಲ್ಲಿ ಐದು ಜನ. ಗೋಲು ಹೊಡೆಯುವುದು ಅವರ ಕೆಲಸ. ಅವರ ಬೆನ್ನ ಹಿಂದೆ ಮೂವರು. ಆ ಮೂವರ ನಡುವಿನವನು ಇವನು, ಐವರಿಗೂ ಚೆಂಡು ಒದಗಿಸುವವನು. ಆಮೇಲೆ ಇಬ್ಬರು ಬ್ಯಾಕುಗಳು, ಕೊನೆಗೆ ಗೋಲು ಕಾಯುವ ಗೋಲಿ. ನಾನು ಇದನ್ನೆಲ್ಲ ಬಳಪದಲ್ಲಿ ಬರೆದು ಅಮಲ್ದಾರರಿಗೆ ತೋರಿಸಿದೆ. ಅವರು ಹಲಗೆಯನ್ನು ದಿಟ್ಟಿಸಿ, "ಓಹೋ, ಪಂಕ್ತಿ!" ಎಂದರು. 

ನಮ್ಮ ಕಡೆ ಪಂಕ್ತಿ ಎಂದಮೇಲೆ ಅದಕ್ಕೊಂದು ಕ್ರಮವಿದೆ. ಮೊದಲ ಸಾಲಿನ ಎಲೆ ಯಾರಿಗೆ, ಅದರಲ್ಲೂ ನಟ್ಟನಡುವಿನದು ಯಾರಿಗೆ ಎಂಬುದರ ಮೇಲೆ ಎಷ್ಟೋ ಮನೆತನಗಳ ಮಾತುಕತೆ ನಿಂತಿದೆ. ಆ ಕ್ರಮವೇ ಇಲ್ಲಿಗೂ ಬಂತು. ನಡುವಿನ ಎಲೆಗೆ, ಅಂದರೆ ಸೆಂಟರ್ ಫಾರ್ವರ್ಡಿಗೆ, ನಮ್ಮ ಹೋಬಳಿಯ ಕಂದಾಯ ನೋಡುವ ಶೇಕದಾರರು. ಅವರ ಬಲಕ್ಕೆ ಮಾಗಡಿಯ ಒಬ್ಬ ಜವಳಿ ಸಾಹುಕಾರರು, ಎಡಕ್ಕೆ ಕಾನಕಾನಹಳ್ಳಿ ಕಡೆಯ ಪಟೇಲರ ಮಗ. ಎರಡು ತುದಿಗೆ ಆಸ್ಪತ್ರೆಯ ಕಂಪೌಂಡರ್ ಮತ್ತು ಒಬ್ಬ ವಕೀಲರು. ನಿಜವಾಗಿ ಓಡಬಲ್ಲ ಗಾಡಿಯವರು, ರೇಷ್ಮೆ ಬಿಚ್ಚುವವರು ಎಲ್ಲ ಹಿಂದಕ್ಕೆ, ಎರಡನೆಯ ಪಂಕ್ತಿಗೆ.

ಶೇಕದಾರರು ಒಳ್ಳೆಯ ಮನುಷ್ಯ. ಹೊಟ್ಟೆ ಸ್ವಲ್ಪ ಮುಂದೆ, ನಗು ಅದಕ್ಕಿಂತ ಮುಂದೆ. ಅವರನ್ನು ಬ್ಯಾಕ್ ಆಗಲು ಒಪ್ಪಿಸೋಣವೆಂದು ಮನೆಗೆ ಹೋದೆ. ಜಗಲಿಯ ಮೇಲೆ ಹೊಸ ಕ್ಯಾನ್ವಾಸ್ ಬೂಟು ಹಾಕಿಕೊಂಡು ಕೂತು, ಅದು ಮೆತ್ತಗಾಗಲಿ ಎಂದು ಕಾಲು ಅಲ್ಲಾಡಿಸುತ್ತಿದ್ದರು.

"ಹಿಂದೆ ನಿಲ್ಲೋದು ಜವಾಬ್ದಾರಿಯ ಕೆಲಸ ಸ್ವಾಮಿ. ತಮ್ಮಂಥವರು ಇದ್ದರೆ..." ಎಂದು ಶುರು ಮಾಡಿದೆ.

ಕಾಲು ಅಲ್ಲಾಡುವುದು ನಿಂತಿತು. "ಹಿಂದೇನಾ? ಮೇಷ್ಟ್ರೇ, ನಾಲ್ಕು ತಾಲ್ಲೂಕಿನ ಜನ ನೋಡ್ತಿರೋವಾಗ ನಾನು ಹಿಂದೆ ನಿಂತರೆ, ನಾಳೆ ಕಂದಾಯಕ್ಕೆ ಹೋದಾಗ ಯಾವನ್ರೀ ಎದ್ದು ನಿಲ್ತಾನೆ?" ಎಂದರು. ಕೋಪದಿಂದಲ್ಲ, ನಿಜವಾಗಿಯೂ ಕೇಳಿದರು.  ಕಾಫಿ ಕುಡಿದು ಬಂದೆ.

ಮನೆಯಲ್ಲಿ ಹೆಂಡತಿ, "ಒಪ್ಪಿದರಾ?" ಎಂದಳು.

"ಕಾಫಿ ಚೆನ್ನಾಗಿತ್ತು" ಎಂದೆ.

ಅಭ್ಯಾಸ ನಡೆಯುತ್ತಿದ್ದದ್ದು ಅರ್ಕಾವತಿಯ ದಂಡೆಯ ಬಯಲಿನಲ್ಲಿ. ಗಣ್ಯರು ಒಮ್ಮೊಮ್ಮೆ ಬರುತ್ತಿದ್ದರು, ಬಂದರೆ ಬಹಳ ಹೊತ್ತು ಮಾತಾಡುತ್ತಿದ್ದರು. ಸಾಹುಕಾರರ ಕಾಲಿನ ಮುಂದೆ ಚನ್ನಪಟ್ಟಣದವನು ಚೆಂಡು ತಂದು ನಿಲ್ಲಿಸಿದರೆ, ಅವರು ಅದನ್ನು ಯಾರೋ ಬಿಟ್ಟುಹೋದ ವಸ್ತುವಿನಂತೆ ನೋಡುತ್ತಿದ್ದರು.

"ಅಲ್ಲ ಸಾಮಿ, ಮಗೂನ ತೊಟ್ಟಿಲಲ್ಲಿ ಇಟ್ಟಂಗೆ ಇಟ್ಟಿದೀನಿ. ತೂಗಾಕೂ ಆಗಾಕಿಲ್ವಾ?" ಎಂದು ಇವನು ಕೂಗುತ್ತಿದ್ದ.

"ಮೆಲ್ಲಗೆ ಕೊಡಪ್ಪಾ" ಎಂದು ಸಾಹುಕಾರರು.

"ಇದಕ್ಕಿಂತ ಮೆಲ್ಲಗೆ ಕೊಟ್ರೆ ಅದು ನನ್ನ ತಾವೇ ಇರ್ತದೆ!"

ಊರಿನಲ್ಲಿ ಆಗ ಇದೇ ಮಾತು. ರೈಲ್ವೆ ಸ್ಟೇಷನ್ನಿನ ಎದುರಿನ ಕಾಫಿ ಕ್ಲಬ್ಬಿನಲ್ಲಿ ಎರಡು ಪಕ್ಷ. ಒಬ್ಬ ಒಳ್ಳೆಯವನಿದ್ದರೆ ಸಾಕು, ಅವನೇ ಉಳಿದವರನ್ನು ಎತ್ತುತ್ತಾನೆ ಎಂದು ಒಂದು ಪಕ್ಷ. ಮುಂದೆ ಆಡುವವರಿಲ್ಲದೆ ಹಿಂದಿನವನು ಏನು ಮಾಡಿದರೂ ನೀರಿನಲ್ಲಿ ಹೋಮ ಎಂದು ಇನ್ನೊಂದು. ನಾನು ಎರಡು ಪಕ್ಷಗಳ ಚಿಂತೆಯನ್ನೂ ತಲೆಯಲ್ಲಿ ಹೊತ್ತು ಮನೆಗೆ ಬರುತ್ತಿದ್ದೆ.

ಐವರಲ್ಲಿ ಒಬ್ಬನಿಗೆ ಮಾತ್ರ ಕಾಲಿತ್ತು: ಪಟೇಲರ ಮಗ. ಕ್ಲೋಸ್‌ಪೇಟೆಯ ಅಕ್ಕನ ಮನೆಯಲ್ಲಿದ್ದುಕೊಂಡು ರೇಷ್ಮೆಗೂಡಿನ ವ್ಯಾಪಾರ ನೋಡುತ್ತಿದ್ದ ಹುಡುಗ. ಊರಿನಲ್ಲಿ ಹೋರಿಗಳ ಹಿಂದೆ ಓಡಿ ಕಲಿತ ಓಟ. ಗಣ್ಯರು ಬಾರದ ದಿನಗಳಲ್ಲಿ ಚನ್ನಪಟ್ಟಣದವನು ಕಳಿಸುವುದು, ಪಟೇಲರ ಮಗ ಹೊಡೆಯುವುದು. ಮಧ್ಯೆ ಒಂದು ಮಾತು, ಒಂದು ಸನ್ನೆ ಇರುತ್ತಿರಲಿಲ್ಲ. ಚೆಂಡು ಹೊರಡುವ ಮೊದಲೇ ಆ ಹುಡುಗ ಹೊರಟಿರುತ್ತಿದ್ದ. ನಾವು ನೆಟ್ಟ ಎರಡು ಬಿದಿರುಗಳ ನಡುವೆ ಅದು ಹೋದ ಸದ್ದಿಗೆ ದಡದಲ್ಲಿ ಬಟ್ಟೆ ಒಗೆಯುತ್ತಿದ್ದವರೂ ತಲೆಯೆತ್ತುತ್ತಿದ್ದರು.

"ಒಬ್ಬ ಸಾಕು ಮೇಷ್ಟ್ರೇ. ಉಳಿದ ನಾಲ್ಕು ಜನ ದಿಬ್ಬಣದೋರು ಅಂದ್ಕೊಳ್ಳಿ. ಅವರಿಗೆ ಎಲೆ ಅಡಿಕೆ ಕೊಟ್ಟು ಕೂರ್ಸಿ" ಎಂದು ಇವನು ನಗುತ್ತಿದ್ದ.

ಆ ದಿನಗಳಲ್ಲಿ ನಾನೂ ಸ್ವಲ್ಪ ನಿದ್ದೆ ಮಾಡಿದೆ. ಒಬ್ಬನಿದ್ದಾನೆ, ಸಾಕು ಎಂದು.

ಆಟದ ದಿನ ಮಧ್ಯಾಹ್ನವೇ ಬಯಲು ತುಂಬಿತು. ಮಾಗಡಿಯಿಂದ ಗಾಡಿಗಳು ಬಂದವು. ಅಮಲ್ದಾರರಿಗೆ ಕುರ್ಚಿ, ಅದರ ಪಕ್ಕ ಗಿರಣಿಯ ಮೇಸ್ತ್ರಿಗೊಂದು ಕುರ್ಚಿ, ಅದರ ಹಿಂದೆ ನಿಂಬೆಹಣ್ಣಿನ ಹೋಳು ಮತ್ತು ಉಪ್ಪಿನ ತಟ್ಟೆ ಹಿಡಿದು ನಾನು. ಮೇಸ್ತ್ರಿ ಬೆಂಗಳೂರಿನ ದಂಡು ಪ್ರದೇಶದವನು, ತಮಿಳು ಬೆರೆಸಿ ಮಾತಾಡುವ ಗಟ್ಟಿ ಆಳು. ನಮ್ಮವನು ತನ್ನ ಬಟ್ಟೆಯ ಗಂಟನ್ನು ತಂದು ನನ್ನ ಕಾಲಿನ ಬಳಿ ಇಟ್ಟ. "ಸಂಜೆ ಇದನ್ನ ತಗೊಂಡು ಹಂಗೇ ಸ್ಟೇಷನ್‌ಗೆ. ಅಮ್ಮೀಜಾನ್‌ಗೆ ಹೇಳೇ ಬಂದಿದೀನಿ" ಎಂದ. ಆಡುವವರು ಬಯಲಿಗೆ ಇಳಿದರು. ಶೇಕದಾರರು ತಲೆಗೆ ಜರಿಯಂಚಿನ ರುಮಾಲು ಸುತ್ತಿಕೊಂಡೇ ಇಳಿದರು. ಜನ ಎದ್ದು ನಿಂತರು. ಅವರು ಕೈ ಎತ್ತಿ ಕೂರಿಸಿದರು.

ಆಟ ಶುರುವಾಯಿತು. ಗಿರಣಿಯವರು ಸ್ವಲ್ಪ ಹೊತ್ತಿನಲ್ಲೇ ಒಂದು ಗೋಲು ಹೊಡೆದರು. ಅದರ ಚಿಂತೆ ನನಗಿರಲಿಲ್ಲ. ನಾನು ನೋಡುತ್ತಿದ್ದದ್ದು ಮೇಸ್ತ್ರಿಯ ಮುಖ. ನಮ್ಮವನು ಚೆಂಡು ಹಿಡಿದು, ಒಬ್ಬನನ್ನು ದಾಟಿ, ಎಡಕ್ಕೆ ಒಂದು ಕಳಿಸಿದ. ಮೇಸ್ತ್ರಿ ಕುರ್ಚಿಯಲ್ಲಿ ಮುಂದಕ್ಕೆ ಬಂದ. "ಅಬ್ಬಾ" ಎಂದ.

ಪಟೇಲರ ಮಗ ಆಗಲೇ ಓಡಿದ್ದ. ಚೆಂಡು ಅವನ ಕಾಲಿಗೆ ಹೋಗಿ ಕೂತಿತು. ಎದುರಿಗೆ ಗೋಲಿಯೊಬ್ಬನೇ. ಪಕ್ಕದಲ್ಲಿ ಶೇಕದಾರರು ಏದುಸಿರು ಬಿಡುತ್ತ ಬರುತ್ತಿದ್ದರು. ಹುಡುಗ ತಿರುಗುವಾಗ ಅವನ ಪಾದ ಶೇಕದಾರರ ಮೊಣಕಾಲಿಗೆ ತಗುಲಿತು. ಅಷ್ಟೇ. ಹುಡುಗ ನಿಂತ. ಬಗ್ಗಿದ. ಅವರ ಕಾಲು ಮುಟ್ಟಿ, ಕೈಯನ್ನು ಎರಡು ಕಣ್ಣಿಗೂ ಒತ್ತಿಕೊಂಡ. ಕಾಲು ತಾಗಿದರೆ ನಾವೆಲ್ಲರೂ ಮಾಡುವುದು ಅದನ್ನೇ; ಬಸ್ಸಿನಲ್ಲಿ ಮಾಡುತ್ತೇವೆ, ಸಂತೆಯಲ್ಲಿ ಮಾಡುತ್ತೇವೆ. ಅವನು ತಲೆಯೆತ್ತುವ ಹೊತ್ತಿಗೆ ಗಿರಣಿಯ ಬ್ಯಾಕು ಚೆಂಡನ್ನು ಬೇರೆ ಹೋಬಳಿಗೆ ಒದ್ದಿದ್ದ.

ಮೇಸ್ತ್ರಿ ನನ್ನ ಕಡೆ ತಿರುಗಿ, "ಎನ್ನಾ ಸಾರ್, ಪೂಜೆನಾ?" ಎಂದ. ನಾನು ನಿಂಬೆ ಹೋಳು ಮುಂದೆ ಚಾಚಿದೆ.

ಇನ್ನೊಮ್ಮೆ. ಈ ಸಲ ಚೆಂಡು ಇಬ್ಬರು ಬ್ಯಾಕುಗಳ ನಡುವೆ ದಾರ ಪೋಣಿಸಿದ ಹಾಗೆ ಹೋಯಿತು. ಮತ್ತೆ ಪಟೇಲರ ಮಗನಿಗೇ. ಗೋಲಿ ಜಾರಿ ಬಿದ್ದಿದ್ದ. ಗೋಲಿನ ಬಾಯಿ ಸುಗ್ಗಿಯ ಕಣದಷ್ಟು ತೆರೆದಿತ್ತು. ಹುಡುಗ ಕಾಲೆತ್ತಿದ. ಶೇಕದಾರರು ಎರಡು ಮಾರು ದೂರದಲ್ಲಿ ನಿಂತಿರುವುದು ಅವನ ಕಣ್ಣಿಗೆ ಬಿತ್ತು. ಎತ್ತಿದ ಕಾಲು ಕೆಳಗಿಳಿಯಿತು. ಚೆಂಡನ್ನು ಮೆಲ್ಲಗೆ ಅವರ ಕಡೆ ಉರುಳಿಸಿ, "ತಾವು ಹೊಡೀರಿ ಸಾಮಿ" ಎಂದ.

ಶೇಕದಾರರು ದೊಡ್ಡ ಮನುಷ್ಯರು. ಕೊಟ್ಟದ್ದನ್ನು ಮೊದಲ ಸಲಕ್ಕೇ ತೆಗೆದುಕೊಳ್ಳುವವರಲ್ಲ. "ಛೆ ಛೆ, ನೀನೇ ಹೊಡಿಯಪ್ಪ. ಪರವಾಗಿಲ್ಲ" ಎಂದು ವಾಪಸು ಉರುಳಿಸಿದರು.

"ಎಲ್ಲಾದ್ರೂ ಉಂಟಾ? ತಾವಿರೋವಾಗ ನಾನಾ?"

"ಹೊಡಿ ಅಂದ್ನಲ್ಲ, ಮಗು."

"ಬ್ಯಾಡಿ ಸಾಮಿ, ಅಪ್ಪಯ್ಯಂಗೆ ಗೊತ್ತಾದ್ರೆ ಬೈತಾರೆ."

ಅಷ್ಟರಲ್ಲಿ ಗೋಲಿ ಎದ್ದು, ಮೈ ಕೊಡವಿಕೊಂಡು, ಬಂದು, ಇಬ್ಬರ ನಡುವಿನಿಂದ ಚೆಂಡನ್ನು ಕೈಯಲ್ಲಿ ಎತ್ತಿಕೊಂಡು ಹೋದ. ಅವನೂ ಬಹಳ ಮರ್ಯಾದೆಯಿಂದಲೇ ಎತ್ತಿಕೊಂಡ.

ಜನ ನಗಲಿಲ್ಲ. ಅದು ನನಗೆ ಈಗಲೂ ನೆನಪಿದೆ. ಮಾಗಡಿಯ ಗಾಡಿಗಳ ಮೇಲೆ ಕೂತವರು, ಚನ್ನಪಟ್ಟಣದಿಂದ ಬಂದ ಸಾಬರು, ಎಲ್ಲರೂ ತಲೆಯಾಡಿಸಿದರು. "ಹುಡುಗ ಮನೆತನಸ್ಥ" ಎಂದು ಯಾರೋ ಅಂದರು. ಮೇಸ್ತ್ರಿ ಒಬ್ಬನೇ ನಕ್ಕ. "ಗೋಲ್ ಮುಂದೆ ನಿಂತ್ಕೊಂಡು ಏನ್ ಸಾರ್ ಮಾತು? ಸಂಬಂಧ ಬೆಳೆಸ್ತಾವ್ರಾ?"

ಆ ಹೊತ್ತಿಗೇ ನನಗೆ ಜೋಮು ಹಿಡಿದದ್ದು. ಚಿಂತೆ ಎದೆಯಿಂದ ಇಳಿದು, ಕಾಲಿನವರೆಗೆ ಹೋಗಿ, ಅಲ್ಲಿಂದ ಎಲ್ಲಿಗೆ ಹೋಯಿತೋ. ಆಮೇಲಿನ ಆಟವನ್ನು ಯಾರದೋ ಊರಿನ ಆಟದಂತೆ ನೋಡಿದೆ. ನಮ್ಮವನು ಕಳಿಸುತ್ತಲೇ ಇದ್ದ. ಒಂದಕ್ಕಿಂತ ಒಂದು ಚೆನ್ನಾಗಿತ್ತು. ಒಂದನ್ನು ವಕೀಲರು ನಿಲ್ಲಿಸಿ, ಮುಂದೇನೆಂದು ಅಮಲ್ದಾರರ ಕಡೆ ನೋಡಿದರು. ಒಂದು ಕಂಪೌಂಡರ ಬೆನ್ನಿಗೆ ಬಡಿಯಿತು. ಗಿರಣಿಯವರು ಇನ್ನೊಂದು ಗೋಲು ಹೊಡೆದರು.

ನಡುವಿನ ಬಿಡುವಿನಲ್ಲಿ ನಮ್ಮವನು ನಿಂಬೆ ಹೋಳು ಹೀರುತ್ತ ನನ್ನ ಹತ್ತಿರ ಬಂದ. ಬೈತಲೆ ಅಳಿಸಿಹೋಗಿತ್ತು. "ಮೇಷ್ಟ್ರೇ, ಶೇಕದಾರ್ರಿಗೆ ಒಸಿ ಸುಸ್ತಾಗೈತೆ ಅಂತ ಹೇಳಿ ಕೂರ್ಸಿ. ಒಬ್ಬರನ್ನ ಕೂರ್ಸಿ ಸಾಕು" ಎಂದ. ನಾನು ಹೋಗಿ ಶೇಕದಾರರನ್ನು ಕೇಳಿದೆ. "ಸುಸ್ತಾ? ನನಗಾ?" ಎಂದು ಅವರು ನಿಂತಲ್ಲೇ ಎರಡು ಸಲ ಕುಪ್ಪಳಿಸಿ ತೋರಿಸಿದರು. ಅಮಲ್ದಾರರು ಚಪ್ಪಾಳೆ ತಟ್ಟಿದರು. ಪಟೇಲರ ಮಗನನ್ನು ಕರೆದು, "ಮುಂದಿನ ಸಲ ಹೊಡಿಯಪ್ಪ, ಆಟದಲ್ಲಿ ತಪ್ಪಿಲ್ಲ" ಎಂದೆ. ಅವನು ನೆಲ ನೋಡುತ್ತ, "ಅವ್ರು ನಮ್ಮೂರಿಗೆ ಬಂದ್ರೆ ಅಪ್ಪಯ್ಯನೇ ಕಂಬಳಿ ಹಾಸಿ ನಿಂತ್ಕೊತದೆ ಮೇಷ್ಟ್ರೇ. ನಾನು ಕಾಲಲ್ಲಿ ಒದ್ದು ಮುಂದೆ ಹೋಗ್ಬುಟ್ರೆ ಹೆಂಗೆ?" ಎಂದ.  ಲೆಕ್ಕದ ಮೇಷ್ಟ್ರಿಗೆ ಎಷ್ಟು ಉತ್ತರ ಗೊತ್ತಿರುತ್ತದೆ?

ಆಟ ಮುಗಿಯುವ ಮುಂಚೆ ಕೊನೆಯದೊಂದು ಬಂತು. ಈ ಸಲ ನಮ್ಮವನು ಯಾರಿಗೂ ಕಳಿಸಲಿಲ್ಲ. ತಾನೇ ಚೆಂಡು ಹಿಡಿದು ಹೊರಟ. ಒಬ್ಬ, ಇನ್ನೊಬ್ಬ, ಬ್ಯಾಕು, ಎಲ್ಲರೂ ಹಿಂದೆ ಉಳಿದರು. ಮೇಸ್ತ್ರಿ ಕುರ್ಚಿಯಿಂದ ಎದ್ದ. ನನ್ನ ಕೈಯ ತಟ್ಟೆ ವಾಲಿ ಉಪ್ಪು ಚೆಲ್ಲಿತು. ಗೋಲು ಕಲ್ಲೆಸೆತದಷ್ಟೂ ದೂರವಿರಲಿಲ್ಲ. ಅವನ ಎದುರಿಗೆ, ಸ್ವಲ್ಪ ಓರೆಯಾಗಿ, ಶೇಕದಾರರು ಬೆನ್ನು ತೋರಿಸಿ ನಿಂತಿದ್ದರು. ರುಮಾಲು ಸರಿಪಡಿಸಿಕೊಳ್ಳುತ್ತಿದ್ದರು. ಅವರ ಪಕ್ಕದಲ್ಲಿ ಧಾರಾಳವಾಗಿ ದಾರಿ ಇತ್ತು. ಅವನು ಕಾಲು ಹಿಂದಕ್ಕೆ ತೆಗೆದ. ತೆಗೆದು, ಹಾಗೇ ನಿಂತ. ಆಮೇಲೆ ಚೆಂಡನ್ನು ಅವರ ಬೂಟಿನ ಪಕ್ಕಕ್ಕೆ, ಒಂದು ಗೇಣು ಮುಂದೆ, ತಂದು ನಿಲ್ಲಿಸಿದ. ಅಷ್ಟು ಮೆತ್ತಗೆ ಚೆಂಡು ಬಂದು ನಿಂತದ್ದನ್ನು ನಾನು ಆಮೇಲೆ ನೋಡಿಲ್ಲ. ಶೇಕದಾರರು ತಿರುಗಿ, ಅದನ್ನು ಕಂಡು, ಸಂತೋಷದಿಂದ ಒದ್ದರು. ಬೂಟು ಹಾರಿ ಗೋಲಿನೊಳಗೆ ಬಿತ್ತು. ಚೆಂಡು ಅಲ್ಲೇ ಇತ್ತು.

ಜನ ಚಪ್ಪಾಳೆ ತಟ್ಟಿದರು. ಆಟ ಮುಗಿಯಿತೆಂದು ಪೀಪಿ ಊದಿದರು.

ಮೇಸ್ತ್ರಿಯನ್ನು ಸ್ಟೇಷನ್ನಿನವರೆಗೆ ಬಿಡಲು ನಾನೇ ಹೋದೆ. ದಾರಿಯಲ್ಲಿ ಹೇಳಬೇಕಾದ್ದನ್ನೆಲ್ಲ ಹೇಳಿದೆ. ಅವನು ಕಳಿಸಿದ್ದು ತಾವೇ ನೋಡಿದಿರಿ, ಮುಂದಿನವರು ಹೊಡೆಯದಿದ್ದರೆ ಅವನೇನು ಮಾಡುತ್ತಾನೆ, ತಮ್ಮ ಟೀಮಿನಲ್ಲಿ ಹೊಡೆಯುವವರಿದ್ದಾರೆ, ಅವರ ಹಿಂದೆ ಇವನನ್ನು ನಿಲ್ಲಿಸಿ ನೋಡಿ ಎಂದೆ. ಮೇಸ್ತ್ರಿ ಬೀಡಿ ಹಚ್ಚಿದ.

"ತೆರಿಯುಂ ಸಾರ್. ಗೊತ್ತು ನನಗೆ. ಕಾಲು ಬಂಗಾರ" ಎಂದ. "ಮುಂದಿನವ್ರು ಹೊಡೀಲಿಲ್ಲ, ಅದು ಅವನ ತಪ್ಪಲ್ಲ. ಕೊನೇಲಿ ಅವನೇ ಇದ್ದನಲ್ಲ? ಯಾಕೆ ನಿಂತ? ಬೆಂಗ್ಳೂರಲ್ಲಿ ಎದುರಿಗೆ ಸೋಲ್ಜರ್ ಇರ್ತಾನೆ, ದೊರೆ ಇರ್ತಾನೆ. ಅಲ್ಲೂ ನಿಂತ್ಕೊತಾನೆ." ಬೀಡಿ ಬಾಯಲ್ಲಿಟ್ಟುಕೊಂಡು ಕೈ ಜೋಡಿಸಿ ಗಾಡಿ ಹತ್ತಿದ. ರೈಲು ಒಮ್ಮೆ ನಡುಗಿ ಹೊರಟುಹೋಯಿತು.

ನಮ್ಮವನು ಪ್ಲಾಟ್‌ಫಾರ್ಮಿನ ಇನ್ನೊಂದು ತುದಿಯಲ್ಲಿ ಗಂಟಿನ ಮೇಲೆ ಕೂತಿದ್ದ. ಅವನಿಗೆ ಮೈಸೂರು ಕಡೆಯ ಗಾಡಿ ಬರಬೇಕಿತ್ತು. ನಾನು ಹೋಗಿ ಪಕ್ಕದಲ್ಲಿ ನಿಂತೆ. ಅವನ ಮುಖದಲ್ಲಿ ಕೋಪ ಹುಡುಕಿದೆ, ಇರಲಿಲ್ಲ. ನನ್ನ ಎದೆಯಲ್ಲಿ ದುಃಖ ಹುಡುಕಿದೆ, ಅದೂ ಇರಲಿಲ್ಲ.

"ದಾರಿ ಇತ್ತಲ್ಲಯ್ಯಾ" ಎಂದೆ.

"ಇತ್ತು. ಇಷ್ಟಗಲ ಇತ್ತು." ಕೈಯಗಲಿಸಿ ತೋರಿಸಿದ. "ಹೊಡೆದಿದ್ರೆ ಅವರ ಕಿವಿ ಪಕ್ಕ ಹೋಗೋದು. ರುಮಾಲಿಗೆ ಒಸಿ ತಗುಲಿದ್ರೂ ಬೀಳೋದು ಮೇಷ್ಟ್ರೇ. ಅಷ್ಟು ಜನದ ಮುಂದೆ."

"ಬಿದ್ದರೆ ಬೀಳಲಿ ಅನ್ನಬೇಕಿತ್ತು."

"ನೀವು ಅಂತಿದ್ರಾ?"

 ಅವನು ಎದ್ದು ಗಂಟು ಹೆಗಲಿಗೇರಿಸಿದ. "ಪಟೇಲರ ಮಗನ್ನ ಬೈಕೊಂಡೇ ಆಡ್ದೆ ಕಣ್ರೀ ಇಡೀ ಆಟ. ಲೇ ಹೊಡಿಯೋ, ಹೊಡಿಯೋ ಅಂತ. ನನ್ನ ಪಾಳಿ ಬಂದಾಗ ಕಾಲೇ ಬರ್ಲಿಲ್ಲ" ಎಂದ. ಗಾಡಿ ಬಂತು, ಹತ್ತಿದ, ಹೋಯಿತು.

ಮರುವರ್ಷ ಶೇಕದಾರರಿಗೆ ವರ್ಗವಾಯಿತು. ಹೊಸಬರಾಗಿ ಬಂದವರು ಎಳೆಯ ವಯಸ್ಸಿನವರು, ಕಾಲೇಜಿನಲ್ಲಿ ಆಡಿದವರು. ಬಂದ ವಾರವೇ ಚಡ್ಡಿ ಹಾಕಿಕೊಂಡು ಬಯಲಿಗೆ ಬಂದು, "ಮರ್ಯಾದೆ ಗಿರ್ಯಾದೆ ಬೇಡ, ಹೊಡೀರಿ" ಎಂದು ಕೂಗಿದರು. ಗಿರಣಿಯವರು ಮತ್ತೆ ಬರುವುದೆಂದು ಆಯಿತು. ನಾನು ಚನ್ನಪಟ್ಟಣಕ್ಕೆ ಹೋದೆ. ಅವನ ದೊಡ್ಡಣ್ಣ ಕೋಲಾರದ ಗಣಿಗೆ ಹೊರಟುಹೋಗಿದ್ದ. ಇವನು ಅಣ್ಣನ ಜಾಗದಲ್ಲಿ ಕೂತು ಕೆಂಪು ಬಣ್ಣದ ಏನನ್ನೋ ಕಡೆಯುತ್ತಿದ್ದ. ಬಾಗಿಲಲ್ಲಿ ನಿಂತು ಎಲ್ಲ ಹೇಳಿದೆ: ಹೊಸ ಶೇಕದಾರರು ಹೊಡೆಯುತ್ತಾರೆ, ಪಟೇಲರ ಮಗನೂ ಈಗ ಹೊಡೆಯುತ್ತಾನೆ, ಮುಂದಿನ ಸಾಲು ಚೆನ್ನಾಗಿದೆ, ನೀನೊಬ್ಬ ಬಂದರೆ ಸಾಕು.

ಅವನು ಬಿಲ್ಲು ನಿಲ್ಲಿಸಲಿಲ್ಲ.

"ಮುಂದಿನ ಸಾಲು ಸರಿ ಇದ್ರೆ ಯಾರು ನಿಂತ್ರೂ ನಡೀತದೆ ಬುಡಿ ಮೇಷ್ಟ್ರೇ" ಎಂದ. ಉಳಿಯ ಮೇಲಿನ ಪುಡಿ ಊದಿ, "ಒಳಗೆ ಬನ್ನಿ, ಬಿಸಿಲು. ಚಾ ಕುಡ್ಕೊಂಡು ಹೋಗಿ" ಎಂದ.

ಒಳಗೆ ಹೋಗಿ ಕೂತೆ.